ಎರಡು ವಾರ ಹುಲಿ, ಮೂರನೇ ವಾರ ನಾಪತ್ತೆ: ಎಂಎಂಎ ತರಬೇತಿಗೆ ಶಿಸ್ತು ತರೋದು ಹೇಗೆ?

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಎಲ್ಲರಿಗೂ ನಮಸ್ಕಾರ. ವಯಸ್ಸು 27, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಬೆಂಗಳೂರು. ಈ ವರ್ಷ ಒಂದು ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿರೋ ಮಿಶ್ರ ಸಮರ ಕಲೆ) ಜಿಮ್‌ಗೆ ಸೇರ್ಕೊಂಡೆ. ವರ್ಷದ ಫೀಸ್ ಒಂದೇ ಸಲ ಕಟ್ಟಿದೀನಿ, ಅದರ ಸಂಕಟ ಬೇರೆ.

ಸಮಸ್ಯೆ ಇಷ್ಟು. ಶುರು ಮಾಡಿದ್ರೆ ಹುಲಿ. ವಾರಕ್ಕೆ ಆರು ದಿನ ಕ್ಲಾಸು, ಬೆಳಿಗ್ಗೆ ಓಟ ಬೇರೆ. ಮೂರನೇ ವಾರಕ್ಕೆ ಭುಜ ಹಿಡ್ಕೊಳ್ಳುತ್ತೆ, ಇಲ್ಲಾ ಆಫೀಸಲ್ಲಿ ರಿಲೀಸ್ ಬರುತ್ತೆ, ಒಂದು ದಿನ ತಪ್ಪುತ್ತೆ. ಒಂದು ತಪ್ಪಿದ್ದು ಹತ್ತಾಗುತ್ತೆ. ಆಮೇಲೆ ಮುಖ ತೋರಿಸೋಕೇ ನಾಚಿಕೆ. ಆ ನಾಚಿಕೆ ಕಳ್ಕೊಳ್ಳೋಕೆ ಮತ್ತೆ ಆರು ದಿನ. ಕೋಚ್ ಮೊನ್ನೆ ಎಲ್ಲರೆದುರು 'ನಿನಗೆ ಫೈಟರ್ ಮೈಂಡ್‌ಸೆಟ್ ಇಲ್ಲಪ್ಪಾ' ಅಂದ್ರು.

ಒಂದಾದರೂ ಅಮೆಚೂರ್ ಬೌಟ್ (ಹವ್ಯಾಸಿ ಪಂದ್ಯ) ಆಡಬೇಕು ಅಂತ ಆಸೆ. ಈ ಮೈಂಡ್‌ಸೆಟ್ಟು ಹುಟ್ಟಿನಿಂದ ಬರಬೇಕಾ, ಅಥವಾ ಬೆಳೆಸಿಕೊಳ್ಳೋಕೆ ದಾರಿ ಇದೆಯಾ?

ಸಿಂಹಗರ್ಜನೆ:
ಬ್ರೋ, ನೆಪ ಬಿಡು. ಬೆಳಿಗ್ಗೆ ನಾಲ್ಕಕ್ಕೆ ಏಳು, ತಣ್ಣೀರು ಸ್ನಾನ, ಹತ್ತು ಕಿಲೋಮೀಟರ್ ಓಟ. ಮೈಕೈ ನೋವು ಅನ್ನೋದು ಸೋಮಾರಿಗಳ ಮಾತು. 21 ದಿನ ಬಿಡದೆ ಮಾಡು, ಅಭ್ಯಾಸ ತಾನಾಗೇ ಆಗುತ್ತೆ. ಸಿಂಹದ ಥರ ಬದುಕು.

ಓದುಗ_ಮಾತ್ರ:
ಸಿಂಹ ದಿನಕ್ಕೆ ಹದಿನಾರರಿಂದ ಇಪ್ಪತ್ತು ಗಂಟೆ ಬಿದ್ದುಕೊಂಡಿರುತ್ತೆ ಸ್ವಾಮಿ. ಆ ಥರ ಬದುಕೋಕೆ ನನಗೂ ಇಷ್ಟ.

ಲೈಟ್‌ವೇಟ್_ಲೋಕಿ:
ಗುರು, ಮೈಂಡ್‌ಸೆಟ್ ಕಥೆ ಆಮೇಲೆ ನೋಡೋಣ. ಹುಲಿ ಆಗಿರೋ ವಾರದ ಲೆಕ್ಕ ಕೊಡು. ಯಾವ ದಿನ ಏನು, ಎಷ್ಟು ಹೊತ್ತು, ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಎಷ್ಟು, ನಿದ್ದೆ ಎಷ್ಟು.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಸೋಮ, ಬುಧ, ಶುಕ್ರ ಸ್ಟ್ರೈಕಿಂಗ್ (ಗುದ್ದು, ಒದೆ), ಒಂದೂವರೆ ಗಂಟೆ. ಕೊನೆಗೆ ಎರಡು ಮೂರು ರೌಂಡ್ ಸ್ಪಾರಿಂಗ್ ಇರುತ್ತೆ. ಮಂಗಳ, ಗುರು ಗ್ರ್ಯಾಪ್ಲಿಂಗ್ (ಹಿಡಿದು ಕೆಡವೋದು). ಶನಿವಾರ ಓಪನ್ ಸ್ಪಾರಿಂಗ್, ಅದು ನಿಜವಾದ ಹೊಡೆದಾಟ. ಬೆಳಿಗ್ಗೆ 5 ಕಿ.ಮೀ. ಓಟ. ರಾತ್ರಿ ಮನೆ ಸೇರೋದು ಹತ್ತೂವರೆ, ಊಟ ಹನ್ನೊಂದಕ್ಕೆ. ಸ್ಪಾರಿಂಗ್ ಆದ ರಾತ್ರಿ ನಿದ್ದೆ ಹತ್ತೋದೇ ಒಂದು ಗಂಟೆಗೆ. ಏಳೋದು ಆರಕ್ಕೆ.

ಲೈಟ್‌ವೇಟ್_ಲೋಕಿ:
ಉತ್ತರ ನೀನೇ ಬರೆದಿದೀಯ. ಐದು ಗಂಟೆ ನಿದ್ದೆ ಮಾಡ್ಕೊಂಡು ವಾರಕ್ಕೆ ನಾಲ್ಕು ದಿನ ತಲೆಗೆ ಏಟು ತಿಂತಿದೀಯ. ಮೂರನೇ ವಾರ ದೇಹ ಬಾಗಿಲು ಹಾಕ್ಕೊಂಡರೆ ಅದು ಮೈಂಡ್‌ಸೆಟ್ ಕೊರತೆ ಅಲ್ಲ, ದೇಹಕ್ಕೆ ಬುದ್ಧಿ ಇದೆ ಅಂತ ಅರ್ಥ.

ಅಂತರರಾಷ್ಟ್ರೀಯ ಎಂಎಂಎ ಫೆಡರೇಷನ್ನಿನ ಅಮೆಚೂರ್ ನಿಯಮದಲ್ಲಿ ಒಂದು ಬೌಟ್ ಅಂದ್ರೆ ಮೂರು ನಿಮಿಷದ ಮೂರು ಸುತ್ತು. ಒಟ್ಟು ಒಂಬತ್ತು ನಿಮಿಷ. ಅದಕ್ಕೆ ತಯಾರಾಗೋಕೆ ಬೇಕಾಗಿರೋದು ಒಂದು ವಾರದ ಹುಚ್ಚು ಅಲ್ಲ, ಒಂದೂವರೆ ಎರಡು ವರ್ಷದ ಹಾಜರಿ. ನಾನು ಇದುವರೆಗೆ ನೋಡಿರೋದರಲ್ಲಿ ರಿಂಗ್ ತನಕ ಹೋದವರು ಕ್ಲಾಸಲ್ಲಿ ಅತಿ ಹೆಚ್ಚು ಬೆವರು ಸುರಿಸಿದವರಲ್ಲ. ಕೋಚ್ ಹಾಜರಿ ಕರೆದ್ರೆ ಯಾವಾಗಲೂ 'ಇದೀನಿ ಸರ್' ಅನ್ನೋ ಸ್ವಲ್ಪ ಬೋರಿಂಗ್ ಜನ.

ಕೆಲಸ ಮಾಡ್ಕೊಂಡು ಆಗಲ್ಲ ಅಂತ ಮಾತ್ರ ಅನ್ಕೋಬೇಡ. ಡಿಮೆಟ್ರಿಯಸ್ ಜಾನ್ಸನ್ ಗೊತ್ತಲ್ಲ, ಯುಎಫ್‌ಸಿ (ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ) ಫ್ಲೈವೇಟ್ ತೂಕ ವಿಭಾಗದ ಪಟ್ಟವನ್ನ ಸತತ 11 ಸಲ ಉಳಿಸಿಕೊಂಡವರು? 2011ರಲ್ಲಿ ಡೊಮಿನಿಕ್ ಕ್ರೂಜ್ ಎದುರು ಬ್ಯಾಂಟಮ್‌ವೇಟ್ ಪಟ್ಟಕ್ಕೆ ಸೆಣಸೋ ಕಾಲಕ್ಕೂ ಅವರು ಗೋದಾಮಿನಲ್ಲಿ ಪೂರ್ತಿ ಹೊತ್ತಿನ ಕೆಲಸದಲ್ಲಿದ್ದರು. ಡ್ಯೂಟಿ ಮುಗಿಸಿ ಜಿಮ್.

ಎರಡನೇಪಾಳಿ:
ನಾನು ಸ್ಟಾಫ್ ನರ್ಸ್, ಜೊತೆಗೆ ಜಿಯು-ಜಿತ್ಸು (ಕುಸ್ತಿ ಥರ ಹಿಡಿದು ಮಣಿಸೋ ಆಟ) ಮಾಡ್ತೀನಿ. ಆ 21 ದಿನದ ಮಾತು ಕೇಳಿ ಸುಮ್ಮನಿರೋಕೆ ಆಗಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಅವರ ತಂಡ 96 ಜನರನ್ನ 12 ವಾರ ಗಮನಿಸಿತ್ತು. ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿದ್ರೆ ಅದು ಯೋಚನೆ ಇಲ್ಲದೆ ನಡೆಯೋ ಮಟ್ಟಕ್ಕೆ ಬರೋಕೆ ಎಷ್ಟು ದಿನ ಬೇಕು ಅಂತ. ನಡುಮಧ್ಯದ ಸಂಖ್ಯೆ 66 ದಿನ. ಕೆಲವರಿಗೆ 18, ಕೆಲವರಿಗೆ 254 (ಇದು 12 ವಾರದ ಮಾಹಿತಿ ಮೇಲೆ ಲೆಕ್ಕ ಹಾಕಿದ ಅಂದಾಜು). ಒಂದು ಲೋಟ ನೀರು ಕುಡಿಯೋ ಅಭ್ಯಾಸ ಬೇಗ ಹತ್ತುತ್ತೆ, ವ್ಯಾಯಾಮ ನಿಧಾನ. ಇದರಲ್ಲಿ ಸಿಲ್ಕ್‌ಬೋರ್ಡ್ ಅವರಿಗೆ ಬೇಕಾದ ವಿಷಯ ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳಿಕೊಳ್ಳುವಂಥ ಹೊಡೆತ ಬೀಳಲಿಲ್ಲ. ಅಂದ್ರೆ ನಿಮ್ಮನ್ನ ಕೆಡಿಸ್ತಿರೋದು ತಪ್ಪಿದ ಒಂದು ದಿನ ಅಲ್ಲ, ಅದರ ಮೇಲೆ ನೀವು ಕಟ್ಟೋ ಗೋಳು.

ನನ್ನ ಡ್ಯೂಟಿ ವಾರವಾರಕ್ಕೂ ಬದಲಾಗುತ್ತೆ. ಅದಕ್ಕೇ 'ದಿನಾ ಏಳಕ್ಕೆ' ಅನ್ನೋ ನಿಯಮ ನನಗೆ ನಡೆಯಲ್ಲ. ಗಡಿಯಾರ ಬಿಟ್ಟು ಘಟನೆಗೆ ಗಂಟು ಹಾಕಿದೀನಿ. ಯೂನಿಫಾರ್ಮ್ ಬಿಚ್ಚಿದ ತಕ್ಷಣ ರ‍್ಯಾಶ್‌ಗಾರ್ಡ್ (ತರಬೇತಿಯ ಬಿಗಿ ಅಂಗಿ) ಹಾಕ್ಕೊಳ್ಳೋದು, ಆಸ್ಪತ್ರೆಯಲ್ಲೇ. ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಹೋಗ್ತೀನಿ ಅಂದ ದಿನ ಹೋಗೋದಿಲ್ಲ, ಅದು ಗ್ಯಾರಂಟಿ. ಸೋಫಾ ಎಲ್ಲರಿಗಿಂತ ಒಳ್ಳೆ ಗ್ರ್ಯಾಪ್ಲರ್.

ಮಟ್ಟಿಮಣ್ಣು:
ಮೈಸೂರಿನಿಂದ. ನಮ್ಮ ತಂದೆ, ದೊಡ್ಡಪ್ಪ ಎಲ್ಲರೂ ಗರಡಿಯವರು. ನಾನೂ ಒಂದು ಕಾಲದಲ್ಲಿ ಲಂಗೋಟಿ ಕಟ್ಟಿದವನೇ.

ಹೊಸ ಹುಡುಗ ಬಂದರೆ ಉಸ್ತಾದರು ಮೊದಲು ಕೈಗೆ ಕೊಡುತ್ತಿದ್ದದ್ದು ಸನಿಕೆ. ಮಟ್ಟಿ, ಅಂದರೆ ಕುಸ್ತಿಯ ಮಣ್ಣಿನ ಕಣ, ಅಗೆಯಬೇಕು, ಹೆಂಟೆ ಒಡೆಯಬೇಕು, ಸಮ ಮಾಡಬೇಕು. ಕೆಮ್ಮಣ್ಣಿಗೆ ಅರಿಶಿನ, ಕುಂಕುಮ, ಎಣ್ಣೆ, ತುಪ್ಪ ಬೆರೆಸಿ ಹದ ಮಾಡಿದ ಮಣ್ಣು ಅದು. ಚಪ್ಪಲಿ ಕಾಲಲ್ಲಿ ಇಳಿಯುವ ಹಾಗಿಲ್ಲ. ಅಗೆದಾದ ಮೇಲೆ ದಂಡ, ಬಸ್ಕಿ. ದೊಡ್ಡವರು ಹಿಡಿಯುವ ಕುಸ್ತಿಯನ್ನು ಗೋಡೆಗೆ ಒರಗಿ ನೋಡಬೇಕು. ಪಟ್ಟು ಕಲಿಸುವುದು ವಾರಗಟ್ಟಲೆ ಆದ ಮೇಲೆ. ಇವತ್ತು ಮನಸ್ಸಿದೆಯಾ, ಮೂಡ್ ಇದೆಯಾ ಎಂದು ಯಾರೂ ಕೇಳುತ್ತಿರಲಿಲ್ಲ. ಬಂದೆಯಾ, ಮಣ್ಣು ಅಗೆ. ಅಷ್ಟೇ. ದಸರಾ ಕುಸ್ತಿಗೆ ಜೋಡಿ ಕಟ್ಟುವ ಹೊತ್ತಿಗೆ ಯಾರು ತಯಾರು, ಯಾರು ಅಲ್ಲ ಎಂದು ತೀರ್ಮಾನಿಸುವವರು ಉಸ್ತಾದರು, ಹುಡುಗನಲ್ಲ.

ನಿಮ್ಮ ಜಿಮ್ಮುಗಳಲ್ಲಿ ದುಡ್ಡು ಕಟ್ಟಿದ ವಾರವೇ ಗ್ಲೌಸ್ ಹಾಕಿಸಿ ಹೊಡೆದಾಡಿ ಎನ್ನುತ್ತಾರೆ. ಹುಡುಗರಿಗೂ ಅದೇ ಬೇಕು, ವಿಡಿಯೋಗೆ ಚೆನ್ನಾಗಿರುತ್ತದೆ. ಈಗಿನವರಿಗೆ ತಾಳ್ಮೆ ಇಲ್ಲ, ನೇರವಾಗಿ ಹೇಳುತ್ತೇನೆ.

ಬೆನ್ನುಮೂಳೆ:
ಫಿಸಿಯೋಥೆರಪಿಸ್ಟ್ ಆಗಿ ಎರಡು ಮಾತು. ಮಟ್ಟಿಮಣ್ಣು ಸರ್ ಹೇಳಿದ ಕ್ರಮ ಒಪ್ಪುತ್ತೇನೆ: ಮೊದಲು ಜಾಗಕ್ಕೆ ಬರೋದು, ಆಮೇಲೆ ಮೈ, ಆಮೇಲೆ ಪಟ್ಟು. 'ಈಗಿನವರಿಗೆ ತಾಳ್ಮೆ ಇಲ್ಲ' ಅನ್ನೋದನ್ನ ಮಾತ್ರ ಒಪ್ಪಲ್ಲ. ಊದಿದ ಮಂಡಿಯಲ್ಲಿ ನೂರಾರು ಬಸ್ಕಿ ಹೊಡೆಸಿ ಆಟವನ್ನೇ ಬಿಟ್ಟ ಹಳೇ ಪೈಲ್ವಾನರು ನನ್ನ ಕ್ಲಿನಿಕ್ಕಿಗೂ ಬರ್ತಾರೆ.

ಈಗ ಸಿಲ್ಕ್‌ಬೋರ್ಡ್ ಅವರ ಲೆಕ್ಕ. ಕ್ರೀಡಾ ವಿಜ್ಞಾನದಲ್ಲಿ ಒಂದು ಸರಳ ಅಳತೆ ಇದೆ. ಕ್ಲಾಸ್ ಮುಗಿದ ಅರ್ಧ ಗಂಟೆಗೆ 'ಇವತ್ತು ಹತ್ತರಲ್ಲಿ ಎಷ್ಟು ಕಷ್ಟ' ಅಂತ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ. ಆ ಅಂಕವನ್ನ ನಿಮಿಷಗಳಿಂದ ಗುಣಿಸಿ. 90 ನಿಮಿಷ, ಕಷ್ಟ 9 ಅಂದ್ರೆ 810. ವಾರಕ್ಕೆ ಆರು ದಿನ ಅಂದ್ರೆ 4,860, ಬೆಳಗಿನ ಓಟ ಬಿಟ್ಟು. ಎರಡು ವಾರ ಇಷ್ಟು, ಆಮೇಲೆ ಹದಿನೈದು ದಿನ ಸೊನ್ನೆ, ಆಮೇಲೆ ಮತ್ತೆ 4,860. ಸ್ನಾಯುರಜ್ಜುಗಳಿಗೆ ಇದಕ್ಕಿಂತ ಕೆಟ್ಟ ವೇಳಾಪಟ್ಟಿ ಬರೆಯೋಕೆ ನನಗಂತೂ ಬರಲ್ಲ. ಅದೇ ಮೂರು ದಿನ, 75 ನಿಮಿಷ, ಕಷ್ಟ 5 ಅಂದ್ರೆ 1,125. ಇದರಿಂದ ಶುರು ಮಾಡಿ, ತಿಂಗಳಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪ ಏರಿಸಿ. ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ಆ್ಯಪ್ ಬೇಡ, ಆ್ಯಪ್ ತೆರೆಯೋಕೆ ಹೋಗಿ ರೀಲ್ಸ್ ನೋಡ್ತಾ ಕೂರ್ತೀರಿ.

ಎರಡನೇ ಮಾತು ತಲೆಯದು. ಕನ್‌ಕಷನ್ (ಏಟಿನಿಂದ ಮಿದುಳಿಗೆ ಆಗೋ ಆಘಾತ) ಆಗೋಕೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಸ್ಪಾರಿಂಗ್ ಆದ ಮೇಲೆ ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಮಂಕು, ನಿದ್ದೆ ಏರುಪೇರು. ಇಷ್ಟಿದ್ದರೂ ಸಾಕು, ಅನುಮಾನಿಸಬೇಕು. ನಿಮ್ಮ 'ಸ್ಪಾರಿಂಗ್ ಆದ ರಾತ್ರಿ ನಿದ್ದೆ ಹತ್ತಲ್ಲ' ಅನ್ನೋ ಸಾಲು ಬರೀ ಅಡ್ರಿನಲಿನ್ ಇರಬಹುದು, ಇಲ್ಲದೆಯೂ ಇರಬಹುದು. ವೈದ್ಯರಿಗೆ ತೋರಿಸಿ. 2022ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರ ಒಮ್ಮತದ ಪ್ರಕಾರ ಮೊದಲ 24ರಿಂದ 48 ಗಂಟೆ ಹಗುರವಾಗಿರಬೇಕು. ಆಮೇಲೆ ಹಂತ ಹಂತವಾಗಿ ವಾಪಸ್, ಒಂದೊಂದು ಹಂತಕ್ಕೂ ಕಡಿಮೆ ಅಂದ್ರೆ ಒಂದು ದಿನ. ವೈದ್ಯರು ಸರಿ ಅನ್ನೋ ತನಕ ಯಾರ ಜೊತೆಯೂ ಹೊಡೆದಾಟ ಇಲ್ಲ.

ಸಿಂಹಗರ್ಜನೆ:
ಹೆಡ್‌ಗಾರ್ಡ್ ಹಾಕ್ಕೊಂಡ್ರೆ ಆಯ್ತಪ್ಪ. ಇಷ್ಟೊಂದು ಭಯ ಇದ್ರೆ ಚೆಸ್ ಆಡಿ.

ಬೆನ್ನುಮೂಳೆ:
ಹೆಡ್‌ಗಾರ್ಡ್ ಚರ್ಮ ಹರಿಯೋದನ್ನ ತಡೆಯುತ್ತೆ, ಕಿವಿ ಉಳಿಸುತ್ತೆ. ತಲೆಬುರುಡೆಯೊಳಗೆ ಮಿದುಳು ಅಲುಗಾಡೋದನ್ನ ತಡೆಯಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರ ಬಾಕ್ಸಿಂಗ್ ಹೆಡ್‌ಗಾರ್ಡ್ ಇಲ್ಲದೆಯೇ ನಡೆದಿದ್ದು. ಹೆಡ್‌ಗಾರ್ಡ್ ಹಾಕಿದವನು 'ಏನೂ ಆಗಲ್ಲ' ಅಂತ ಇನ್ನೂ ಜೋರಾಗಿ ಹೊಡೀತಾನೆ, ಇನ್ನೂ ಹೆಚ್ಚು ಹೊಡೆಸ್ಕೊಳ್ತಾನೆ ಅನ್ನೋದು ನಾನು ಕಣ್ಣಾರೆ ನೋಡಿರೋದು.

ಕುಂದಗೋಳ_ಕಾಕಾ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಕುಸ್ತಿ ಹಾಸ್ಟೆಲ್‌ನ್ಯಾಗ ಬೆಳದಾಂವ. ಮಟ್ಟಿಮಣ್ಣು ಅಣ್ಣಾರು ಹೇಳಿದ್ದು ಖರೇನ ಐತಿ, ಆದ್ರ ಒಂದ್ ಮಾತು ಬಿಟ್ಟಾರ. ಕುಸ್ತಿಯೊಳಗ ನಾವು ದಿನಾ ಹಿಡೀತಿದ್ವಿ, ಜೋರಾಗೇ ಹಿಡೀತಿದ್ವಿ. ಯಾಕಂದ್ರ ಅಲ್ಲಿ ಯಾರೂ ಗಲ್ಲಕ್ಕ ಗುದ್ದೂದಿಲ್ಲ. ಬಿದ್ರ ಮಣ್ಣಾಗ ಬೀಳ್ತಿ, ಎದ್ದು ಝಾಡಿಸ್ಕೊಂಡು ಮತ್ತ ಹಿಡೀತಿ. ಈ ಎಂಎಂಎದಾಗ ಹಂಗ ದಿನಾ ಜೋರ ಮಾಡಿದ್ರ ತಲಿ ಏನಾಗಬೇಕು? ಗರಡಿ ಶಿಸ್ತು ತೊಗೊಳ್ರಿ, ಗರಡಿ ಜೋರ ತೊಗೋಬ್ಯಾಡ್ರಿ.

ರಷ್ಯಾದ ದಾಗೆಸ್ತಾನದ ಹೆಸರು ಎಲ್ಲಾರೂ ಹೇಳ್ತಾರ. ಎರಡ್ ಮೂರು ವರ್ಷ ಕಳಿಸಿ ಮರತುಬಿಡ್ರಿ ಅಂತ ಆ ಮೀಮ್ ಅಂತೂ ನನ್ನ ಮಗ ದಿನಾ ತೋರಸ್ತಾನ. ಆದ್ರ ಅಲ್ಲಿ ಸಣ್ಣ ಹುಡುಗ್ರು ಮೊದ್ಲ ಹಿಡಿಯೂದು ಕುಸ್ತಿ, ಗುದ್ದಾಟ ಅಲ್ಲ. ಅಲ್ಲಿಯ ಯುಎಫ್‌ಸಿ ಚಾಂಪಿಯನ್ ಖಬೀಬ್ ನೂರ್ಮಾಗೊಮೆದೊವ್ ಅವರಪ್ಪ ಮನಿಯ ಕೆಳಗಿನ ಮಜಲಿನ್ಯಾಗ ತಾಲೀಮು ಮಾಡ್ಕೊಂಡಿದ್ರು. ಮಗ ಮಾಳಿಗಿ ಇಳದ್ರ ತಾಲೀಮು. 29 ಎಂಎಂಎ ಪಂದ್ಯ ಆಡಿ ಒಂದೂ ಸೋಲದ ನಿವೃತ್ತಿ ಆದ. ಮನಿಯಿಂದ ಜಿಮ್ಮಿಗೆ ಸಿಲ್ಕ್ ಬೋರ್ಡ್ ದಾಟಬೇಕಾದ್ರ ಖಬೀಬನೂ ಎಷ್ಟ್ ದಿನ ಹೋಗ್ತಿದ್ದನೋ ಯಾರಿಗ್ಗೊತ್ತು.

ಹೊಸಾ ಎತ್ತಿಗೆ ಮೊದಲ ದಿನಾನ ನೇಗಿಲಾ ಕಟ್ಟಿ ಇಡೀ ಹೊಲಾ ಹೊಡಿಯಂಗಿಲ್ರಿ. ತಮ್ಮಾ, ಮೂರು ದಿನ ಹೋಗು. ನಾಕನೇ ದಿನ ಹೋಗಬೇಕು ಅಂತ ಮನಸ್ಸು ತುರಿಸಿದ್ರೂ ಹೋಗಬ್ಯಾಡ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಕಾಕಾ, ನೀವು ಹೇಳಿದ ಕೊನೇ ಮಾತೇ ಕಷ್ಟ. ಹೋಗದೇ ಇರೋ ದಿನ ಸೋಮಾರಿ ಆದೆ ಅನ್ನಿಸುತ್ತೆ.

ಲೈಟ್‌ವೇಟ್_ಲೋಕಿ:
ಅದೇ ನಿನ್ನ ನಿಜವಾದ ಪರೀಕ್ಷೆ. ಹುರುಪಿದ್ದಾಗ ಹೋಗೋಕೆ ಶಿಸ್ತು ಬೇಕಾಗಿಲ್ಲ. ಹುರುಪಿದ್ದಾಗ ಸುಮ್ಮನೆ ಮನೇಲಿರೋಕೆ ಬೇಕು.

ಸ್ಪಾರಿಂಗ್ ವಿಷಯದಲ್ಲಿ ಮಾತ್ರ ಫಿಸಿಯೋ ಸರ್ ಜೊತೆ ನನ್ನದು ಸ್ವಲ್ಪ ತಕರಾರಿದೆ. ಗಟ್ಟಿ ಸ್ಪಾರಿಂಗ್ ಸೊನ್ನೆ ಆದ್ರೆ ಬೌಟ್ ದಿನ ಮೊದಲ ಏಟಿಗೇ ಕಣ್ಣು ಮುಚ್ಚಿಕೊಳ್ತಾರೆ, ಉಸಿರು ಹಿಡೀತಾರೆ. ಒಂದು ಮಟ್ಟದ ಒತ್ತಡ ಅಭ್ಯಾಸ ಆಗಲೇಬೇಕು. ನಾವು ಮಾಡೋದು ಹೀಗೆ: ವರ್ಷವಿಡೀ ಹಗುರ, ಮುಟ್ಟಿ ಬಿಡೋ ಅಷ್ಟೇ. ಬೌಟ್ ಗೊತ್ತಾದ ಮೇಲೆ ಕೊನೇ ಕೆಲವು ವಾರ, ಕೋಚ್ ಪಕ್ಕದಲ್ಲಿ ನಿಂತು, ಕೆಲವೇ ಕೆಲವು ಗಟ್ಟಿ ರೌಂಡ್. ಬೌಟಿಗೆ ವಾರ ಹತ್ತು ದಿನ ಮುಂಚೆ ಅದೂ ಬಂದ್. ಥಾಯ್ಲೆಂಡಿನ ಮುವಾಯ್ ಥಾಯ್ ಹುಡುಗರು ತಮ್ಮತಮ್ಮಲ್ಲಿ ಆಡೋ ಸ್ಪಾರಿಂಗ್ ನೋಡಿ, ನಗ್ತಾ ಆಡ್ತಿರ್ತಾರೆ. ಪದೇ ಪದೇ ರಿಂಗಿಗೆ ಇಳಿಯೋರಿಗೆ ಜಿಮ್ಮಲ್ಲಿ ಗಾಯ ಮಾಡ್ಕೊಂಡ್ರೆ ಹೊಟ್ಟೆಪಾಡು ಹೋಗುತ್ತೆ. ಯುಎಫ್‌ಸಿ ಚಾಂಪಿಯನ್ ಆಗಿದ್ದ ಮ್ಯಾಕ್ಸ್ ಹಾಲೊವೇ ಕೂಡ ಗಟ್ಟಿ ಸ್ಪಾರಿಂಗ್ ಬಿಟ್ಟೆ ಅಂತ ಬಹಿರಂಗವಾಗಿಯೇ ಹೇಳಿದಾರೆ, ಅದಾದ ಮೇಲೂ ಮೇಲಿನ ಮಟ್ಟದಲ್ಲೇ ಗೆದ್ದಿದಾರೆ.

ಬೆನ್ನುಮೂಳೆ:
ಆ ಮಿತಿಯಲ್ಲಿ ಆದ್ರೆ ನನ್ನ ತಕರಾರಿಲ್ಲ. ಹಾಲೊವೇ ಉದಾಹರಣೆ ಮಾತ್ರ ಹುಷಾರು: ಅಷ್ಟು ವರ್ಷ ಏಟು ತಿಂದು ಕಲಿತ ಮೇಲೆ ಬಿಟ್ಟಿರೋದು ಅದು. ಹೊಸಬರಿಗೆ ಹಾಗೇ ಅನ್ವಯ ಆಗಲ್ಲ, ಯಾವ ಕಡೆಗೂ.

ಸಿಂಹಗರ್ಜನೆ:
ಎಲ್ಲಾ ಸರಿ, ಇಷ್ಟು ನಿಧಾನ ಮಾಡಿದ್ರೆ ನಮ್ಮ ಭಾರತದ ಫೈಟರ್ ಅಂಶುಲ್ ಜುಬ್ಲಿ ಥರ ಆಗೋದು ಯಾವ ಜನ್ಮಕ್ಕೆ? ಅವರಿಗೂ ಮೈಂಡ್‌ಸೆಟ್ ಇದ್ದಿದ್ದಕ್ಕೇ ತಾನೆ ಅಲ್ಲಿಗೆ ಹೋಗಿದ್ದು?

ಲೈಟ್‌ವೇಟ್_ಲೋಕಿ:
ಜುಬ್ಲಿ ಬಗ್ಗೆ ನನಗೆ ತುಂಬಾ ಗೌರವ ಇದೆ. 2023ರ ಫೆಬ್ರವರಿಯಲ್ಲಿ ರೋಡ್ ಟು ಯುಎಫ್‌ಸಿ ಅನ್ನೋ ಆಯ್ಕೆ ಟೂರ್ನಮೆಂಟ್ ಗೆದ್ದು ಯುಎಫ್‌ಸಿ ಒಪ್ಪಂದ ತಗೊಂಡ್ರು. ಅದೇ ವರ್ಷ ಅಕ್ಟೋಬರಿನಲ್ಲಿ ಅಬುಧಾಬಿಯಲ್ಲಿ ಮೂರನೇ ಸುತ್ತಿಗೆ ನಾಕ್‌ಔಟ್ ಆದ್ರು. 2025ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಬರೀ 19 ಸೆಕೆಂಡಿಗೆ ಸೋಲು. ಆ 19 ಸೆಕೆಂಡಿನಲ್ಲಿ ಮೈಂಡ್‌ಸೆಟ್ ಖಾಲಿ ಆಗಿತ್ತು ಅಂತೀಯಾ? ಇದು ಕ್ರೂರ ಆಟ, ಒಂದೇ ಏಟಲ್ಲಿ ಮುಗಿಯಬಹುದು. ಮೈಂಡ್‌ಸೆಟ್ ಅನ್ನೋದನ್ನ ಗೆಲುವಿನಿಂದ ಅಳೆದರೆ ಪ್ರತಿ ಕಾರ್ಡಲ್ಲೂ (ಒಂದು ರಾತ್ರಿಯ ಪಂದ್ಯಗಳ ಪಟ್ಟಿ) ಅರ್ಧ ಜನಕ್ಕೆ ಇಲ್ಲ ಅಂತಾಯ್ತು.

ಎರಡನೇಪಾಳಿ:
ಪೂಜಾ ತೋಮರ್ ಹೆಸರೂ ಸೇರಿಸಿ. 2024ರ ಜೂನಿನಲ್ಲಿ ಲೂಯಿವಿಲ್‌ನಲ್ಲಿ ರಯಾನ್ನೆ ದೋಸ್ ಸಾಂಟೋಸ್ ವಿರುದ್ಧ ಗೆದ್ದು ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಆದ್ರು. ತೀರ್ಪುಗಾರರಲ್ಲಿ ಇಬ್ಬರು ಈ ಕಡೆ, ಒಬ್ಬರು ಆ ಕಡೆ, ಅಷ್ಟು ಹತ್ತಿರದ ಪಂದ್ಯ. ನಮಗೆ ಆ ರಾತ್ರಿ ಮಾತ್ರ ಕಂಡಿತು. ಅದರ ಹಿಂದೆ ಯಾರೂ ನೋಡದ ವುಶು (ಚೀನಾದ ಸಮರ ಕಲೆ) ವರ್ಷಗಳಿವೆ, ಆಮೇಲೆ ಭಾರತದ್ದೇ ಎಂಎಂಎ ಸ್ಪರ್ಧೆ ಮ್ಯಾಟ್ರಿಕ್ಸ್ ಫೈಟ್ ನೈಟ್, ಆಮೇಲೆ ಬಾಲಿಯಲ್ಲಿ ತರಬೇತಿ.

ಓದುಗ_ಮಾತ್ರ:
ಇಷ್ಟು ಹೊತ್ತು ತಮಾಷೆ ಮಾಡ್ತಿದ್ದೆ, ಒಂದು ಕಥೆ ಹೇಳ್ತೀನಿ. ಯುಎಫ್‌ಸಿ ಚಾಂಪಿಯನ್ ಜಾರ್ಜ್ ಸೇಂಟ್-ಪಿಯೆರ್ 2007ರ ಏಪ್ರಿಲಿನಲ್ಲಿ ಮ್ಯಾಟ್ ಸೆರಾ ಎದುರು ಮೊದಲ ಸುತ್ತಿನಲ್ಲೇ ಪಟ್ಟ ಕಳ್ಕೊಂಡ್ರು. ಸೆರಾ ಗೆಲ್ತಾರೆ ಅಂತ ಯಾರೂ ಅಂದ್ಕೊಂಡಿರಲಿಲ್ಲ. ಆ ಸೋಲು ತಲೆಯಿಂದ ಹೋಗ್ತಾನೇ ಇರಲಿಲ್ಲ. ಕ್ರೀಡಾ ಮನಶ್ಶಾಸ್ತ್ರಜ್ಞರ ಹತ್ತಿರ ಹೋದರೆ, ಒಂದು ಇಟ್ಟಿಗೆ ಮೇಲೆ ಸೆರಾ ಹೆಸರು ಬರೆದು ಜೊತೆಗೇ ಇಟ್ಕೊ, ಬಿಡಬೇಕು ಅನ್ನಿಸಿದ ದಿನ ನದಿಗೆ ಎಸಿ ಅಂದ್ರಂತೆ. ಎಸೆದ್ರು. 2008ರ ಏಪ್ರಿಲಿನಲ್ಲಿ ಮಾಂಟ್ರಿಯಲ್‌ನಲ್ಲಿ ಅದೇ ಸೆರಾನ ಸೋಲಿಸಿ ಪಟ್ಟ ವಾಪಸ್. ನಡುವೆ ಕೂತು ಕೊರಗಲಿಲ್ಲ, ಜಾಶ್ ಕಾಸ್ಚೆಕ್ ಮತ್ತು ಮ್ಯಾಟ್ ಹ್ಯೂಸ್ ಇಬ್ಬರನ್ನೂ ಸೋಲಿಸಿದ್ರು.

ಈ ಮನುಷ್ಯ ಪಂದ್ಯಕ್ಕೆ ಮುಂಚೆ ತನಗೆ ಭಯ ಆಗ್ತಿತ್ತು ಅಂತ ಯಾವತ್ತೂ ಮುಚ್ಚಿಡಲಿಲ್ಲ. ಕೋಚ್ ಹೇಳೋ 'ಫೈಟರ್ ಮೈಂಡ್‌ಸೆಟ್' ಅಂದ್ರೆ ಭಯ ಇಲ್ಲದಿರೋದು ಅಂತಾದ್ರೆ, ಆ ಲೆಕ್ಕದಲ್ಲಿ ಸೇಂಟ್-ಪಿಯೆರ್ ಕೂಡ ಫೇಲು. ಸಂತ್ರಸ್ತರೇ, ನಿಮ್ಮ ಇಟ್ಟಿಗೆ ಮೇಲೆ 'ತಪ್ಪಿದ ಕ್ಲಾಸು' ಅಂತ ಬರೀರಿ. ಕೆರೆಗೆ ಮಾತ್ರ ಎಸೀಬೇಡಿ, ಬೆಂಗಳೂರಲ್ಲಿ ಉಳಿದಿರೋದೇ ಕೆಲವು.

ತುಮಕೂರಮ್ಮ:
ನಾನು ಆಡುವವಳಲ್ಲ, ಆಡುವವನ ತಾಯಿ. ಕೇಳಬಹುದು ತಾನೇ? ಮಗನಿಗೆ 15 ವರ್ಷ, ಒಂಬತ್ತನೇ ಕ್ಲಾಸು. ಕಿಕ್‌ಬಾಕ್ಸಿಂಗ್‌ನಿಂದ ಈಗ ಎಂಎಂಎ ಹುಚ್ಚು ಹಿಡಿದಿದೆ. ಸುಳ್ಳು ಯಾಕೆ ಹೇಳಲಿ, ಸೇರಿದ ಮೇಲೆ ರಾತ್ರಿ ಫೋನ್ ಬಿಟ್ಟಿದ್ದಾನೆ, ಹೇಳದೆ ಎದ್ದೇಳುತ್ತಾನೆ. ಆದರೆ ಈಗ 58 ಕೆ.ಜಿ. ಇರುವವನು ಟೂರ್ನಮೆಂಟಿಗೆ 52ಕ್ಕೆ ಇಳಿಯಬೇಕಂತೆ. ಎರಡು ದಿನದಿಂದ ಅನ್ನ ಮುಟ್ಟಿಲ್ಲ. ಜಾಕೆಟ್ ಹಾಕಿಕೊಂಡು ಬಿಸಿಲಲ್ಲಿ ಓಡುತ್ತಿದ್ದಾನೆ. 'ಅಮ್ಮ ಇದೇ ಶಿಸ್ತು' ಎನ್ನುತ್ತಾನೆ. ಹೌದಾ?

ಬೆನ್ನುಮೂಳೆ:
ಅಮ್ಮಾ, ಅಲ್ಲ. ಇವತ್ತೇ ನಿಲ್ಲಿಸಿ. ಬೆಳೆಯೋ ವಯಸ್ಸಿನಲ್ಲಿ ಊಟ, ನೀರು ಬಿಟ್ಟು ತೂಕ ಇಳಿಸೋದು ಯಾವ ಕಾರಣಕ್ಕೂ ಬೇಡ. 58ಕ್ಕೆ ಹತ್ತಿರ ಇರೋ ವಿಭಾಗದಲ್ಲಿ ಆಡಲಿ, ಸೋತರೂ ಪರವಾಗಿಲ್ಲ. ಅವನಿಗೆ ತಲೆಸುತ್ತು, ಮೂತ್ರ ಕಡಿಮೆ ಆಗೋದು, ಗಾಢ ಬಣ್ಣ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ಲೈಟ್‌ವೇಟ್_ಲೋಕಿ:
ಅಮ್ಮಾ, ನಿಮ್ಮ ಮಗನಿಗೆ ಇದನ್ನ ಓದಿ ಹೇಳಿ, ನಾನೂ ತೂಕ ಇಳಿಸೋನೇ ಅನ್ನೋ ಕಾರಣಕ್ಕಾದ್ರೂ ಕೇಳ್ತಾನೆ. 2015ರ ಡಿಸೆಂಬರಿನಲ್ಲಿ ಯಾಂಗ್ ಜಿಯಾನ್‌ಬಿಂಗ್ ಅನ್ನೋ ಚೀನಾದ 21 ವರ್ಷದ ಫೈಟರ್, ಮನಿಲಾದಲ್ಲಿ ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್ ಪಂದ್ಯಕ್ಕೆ ತೂಕ ಇಳಿಸೋ ಹೊತ್ತಲ್ಲಿ ಕುಸಿದು ತೀರಿಕೊಂಡ. ದೇಹದ ನೀರು ಬತ್ತಿಸಿದ್ದೇ ಕಾರಣ. ಆಮೇಲೆ ಆ ಸಂಸ್ಥೆ ನೀರು ಬತ್ತಿಸಿ ತೂಕ ಇಳಿಸೋದನ್ನೇ ನಿಷೇಧಿಸಿ, ಮೂತ್ರ ಪರೀಕ್ಷೆ ಮಾಡಿ ದೇಹದಲ್ಲಿ ನೀರು ಸಾಕಷ್ಟಿದೆಯಾ ಅಂತ ನೋಡೋ ನಿಯಮ ತಂತು. ಅವನು ವೃತ್ತಿಪರ, ಸುತ್ತ ತಂಡ ಇತ್ತು. ನಿಮ್ಮ ಹುಡುಗನ ಸುತ್ತ ಇರೋದು ಯೂಟ್ಯೂಬ್.

ಆರು ಕೆ.ಜಿ. ಇಳಿಸು ಅಂತ ಕೋಚೇ ಹೇಳಿದ್ರಾ ಕೇಳಿ. ಹೌದು ಅಂದ್ರೆ ಕೋಚ್ ಬದಲಾಯಿಸಿ.

ತುಮಕೂರಮ್ಮ:
ಕೋಚ್ ಹೇಳಿಲ್ಲವಂತೆ, ಜೊತೆಯ ಹುಡುಗರು ಹೇಳಿದ್ದಂತೆ. ಈಗ ಮುಖ ದಪ್ಪ ಮಾಡಿಕೊಂಡು ಮುದ್ದೆ ತಿನ್ನುತ್ತಿದ್ದಾನೆ. ಇನ್ನೊಂದು ಕೇಳಿಬಿಡುತ್ತೇನೆ, ನಾವು ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಪ್ರೋಟೀನ್ ಪುಡಿ ಡಬ್ಬ ತರಬೇಕು ಎನ್ನುತ್ತಾನೆ, ನಾಲ್ಕು ಸಾವಿರವಂತೆ.

ಎರಡನೇಪಾಳಿ:
ಡಬ್ಬ ಕಡ್ಡಾಯ ಅಲ್ಲ ಅಕ್ಕಾ. ಕಷ್ಟದ ತರಬೇತಿ ಮಾಡುವ ದೊಡ್ಡವರಿಗೆ ಕ್ರೀಡಾ ಪೌಷ್ಟಿಕ ತಜ್ಞರು ಹೇಳೋದು ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1.4ರಿಂದ 2 ಗ್ರಾಂ ಪ್ರೋಟೀನ್. ಹುಡುಗನಿಗೆ ಎಷ್ಟು ಅಂತ ಅವನ ಡಾಕ್ಟರನ್ನೇ ಕೇಳಿ. ಮುದ್ದೆ ಹೊಟ್ಟೆ ತುಂಬಿಸುತ್ತೆ, ಕ್ಯಾಲ್ಸಿಯಂ ಕೊಡುತ್ತೆ, ಆದರೆ ರಾಗಿಯಲ್ಲಿ ಪ್ರೋಟೀನ್ ಹೆಚ್ಚಿಲ್ಲ. ಪಕ್ಕದಲ್ಲಿ ಏನಿದೆ ಅನ್ನೋದು ಮುಖ್ಯ. ತಿಳಿಸಾರು ಬದಲು ಗಟ್ಟಿ ಬೇಳೆ, ಹುರುಳಿಕಾಳು ಬಸ್ಸಾರಾದ್ರೆ ಸಾರಿನ ಜೊತೆ ಕಾಳನ್ನೂ ಬಿಡದೆ ತಿನ್ನಲಿ, ಮೊಸರು, ಕಡಲೆಬೀಜ, ವಾರಕ್ಕೆ ಒಂದೆರಡು ದಿನ ಸೋಯಾ ಚಂಕ್ಸ್. ಸೋಯಾದಲ್ಲಿ ಒಣ ತೂಕದ ಅರ್ಧದಷ್ಟು ಪ್ರೋಟೀನೇ.

ಮ್ಯಾಟ್ ಮೇಲೆ ಉರುಳಾಡೋ ಎಲ್ಲರಿಗೂ ಇನ್ನೊಂದು ಮಾತು, ಇದನ್ನ ಯಾರೂ ಹೇಳಲ್ಲ. ಹುಳುಕಡ್ಡಿ. ತರಬೇತಿ ತಪ್ಪೋಕೆ ನಮ್ಮ ಜಿಮ್ಮಲ್ಲಿ ಗಾಯದಷ್ಟೇ ದೊಡ್ಡ ಕಾರಣ ಇದು. ಕ್ಲಾಸ್ ಮುಗಿದ ಕೂಡಲೇ ಸ್ನಾನ, ಬಟ್ಟೆ ಎರಡನೇ ಸಲ ಹಾಕೋ ಹಾಗಿಲ್ಲ, ಟವೆಲ್ ಹಂಚ್ಕೊಳ್ಳೋ ಹಾಗಿಲ್ಲ. ಬಂದ್ರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಬೇಡಿ. ಎರಡು ದಿನ ಕೆರೆತ ಕಮ್ಮಿ ಆಗುತ್ತೆ, ಆಮೇಲೆ ಮೈತುಂಬ ಹರಡುತ್ತೆ. ಚರ್ಮದ ಡಾಕ್ಟರಿಗೆ ತೋರಿಸಿ, ವಾಸಿ ಆಗೋ ತನಕ ಮ್ಯಾಟ್‌ಗೆ ಬರಬೇಡಿ. ಬರದೇ ಇರೋದೂ ತರಬೇತಿಯ ಭಾಗವೇ.

ಮಟ್ಟಿಮಣ್ಣು:
ಈ ಮಾತು ನೂರಕ್ಕೆ ನೂರು ಸರಿ. ಗರಡಿಯಲ್ಲಿ ಮೈಮೇಲೆ ಕಜ್ಜಿ ಕಂಡರೆ ಉಸ್ತಾದರು ಮಟ್ಟಿಗೆ ಇಳಿಸುತ್ತಿರಲಿಲ್ಲ, ಎಷ್ಟೇ ದೊಡ್ಡ ಪೈಲ್ವಾನನಾಗಲಿ. ತಾಯಿಯವರಿಗೆ ಒಂದು ಕೇಳಬೇಕಿತ್ತು: ಹುಡುಗ ಶಾಲೆಯಲ್ಲಿ ಕೈ ಮಾಡುತ್ತಾನಾ? ನಮ್ಮಲ್ಲಿ ಹೊರಗೆ ಹೊಡೆದಾಡಿದ ಸುದ್ದಿ ಬಂದರೆ ಮುಗಿಯಿತು, ವಾರಗಟ್ಟಲೆ ಬರೀ ಮಣ್ಣು ಅಗೆಯುವ ಕೆಲಸ.

ತುಮಕೂರಮ್ಮ:
ಇಲ್ಲ ಸರ್, ಮೊದಲು ಮಾಡುತ್ತಿದ್ದ. ಈಗ ಇಲ್ಲ. ಸುಸ್ತಾಗಿರುತ್ತಾನೆ ಅನ್ನಿಸುತ್ತದೆ.

ಸಿಂಹಗರ್ಜನೆ:
ಸರಿ, ತೂಕದ ವಿಷಯ ನನಗೆ ಗೊತ್ತಿರಲಿಲ್ಲ. ನಾಲ್ಕಕ್ಕೆ ಏಳೋದು ಮಾತ್ರ ನಾನು ಬಿಡಲ್ಲ.

ಓದುಗ_ಮಾತ್ರ:
ಎಷ್ಟಕ್ಕೆ ಮಲಗ್ತೀರಿ?

ಸಿಂಹಗರ್ಜನೆ:
ಒಂಬತ್ತಕ್ಕೆ.

ಓದುಗ_ಮಾತ್ರ:
ಹಾಗಿದ್ರೆ ನಿಮ್ಮಷ್ಟು ಶಿಸ್ತಿನ ಮನುಷ್ಯ ಇಲ್ಲಿ ಇನ್ನೊಬ್ಬರಿಲ್ಲ. ಅದನ್ನ ಮೊದಲೇ ಹೇಳಬಾರದಾ!

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಎಲ್ಲರಿಗೂ ಥ್ಯಾಂಕ್ಸ್. ಹೊಸ ಲೆಕ್ಕ ಹಾಕಿದೀನಿ, ನೋಡಿ ಹೇಳಿ. ಮಂಗಳ, ಗುರು ಗ್ರ್ಯಾಪ್ಲಿಂಗ್, ಶನಿವಾರ ಬೆಳಿಗ್ಗೆ ಸ್ಟ್ರೈಕಿಂಗ್. ಓಪನ್ ಸ್ಪಾರಿಂಗ್ ಸದ್ಯಕ್ಕೆ ಇಲ್ಲ. ಭಾನುವಾರ ಲಾಲ್‌ಬಾಗಿನಲ್ಲಿ ಮಾತಾಡ್ತಾ ಓಡೋಕಾಗುವಷ್ಟು ನಿಧಾನ ಓಟ. ಬ್ಯಾಗ್ ಆಫೀಸಿಗೇ ತಗೊಂಡು ಹೋಗೋದು, ಅಲ್ಲಿಂದ ಸೀದಾ ಜಿಮ್. ಸಂಜೆ ಐದಕ್ಕೆ ಆಫೀಸಲ್ಲೇ ಮೊಸರನ್ನ, ರಾತ್ರಿ ಮನೇಲಿ ಸ್ವಲ್ಪವೇ ಊಟ. ಹನ್ನೊಂದೂವರೆಗೆ ದೀಪ ಆರಿಸೋದು. ರಿಲೀಸ್ ಇರೋ ವಾರ ಬರೀ ಒಂದು ಕ್ಲಾಸ್ ಅಂತ ಮುಂಚೆನೇ ಬರೆದಿಟ್ಟಿದೀನಿ, ಹಾಗಾಗಿ ಅದು ತಪ್ಪಿಸಿದ ಲೆಕ್ಕಕ್ಕೆ ಬರಲ್ಲ. ತಲೆ ವಿಷಯಕ್ಕೆ ಸೋಮವಾರ ಡಾಕ್ಟರ್ ಅಪಾಯಿಂಟ್‌ಮೆಂಟ್. ಅವರು ಸರಿ ಅಂದ್ರೆ ಮಾತ್ರ ಮಂಗಳವಾರದಿಂದ ಇದೆಲ್ಲಾ.

ಒಂದು ಸಮಸ್ಯೆ ಉಳಿದಿದೆ. ಶನಿವಾರದ ಕ್ಲಾಸಲ್ಲೂ ಕೊನೆಗೆ ಹಗುರ ಸ್ಪಾರಿಂಗ್ ಇದೆ. ಅಲ್ಲಿ ಒಬ್ಬರು ಇದಾರೆ, ನನಗಿಂತ ಹದಿನೈದು ಕೆ.ಜಿ. ಜಾಸ್ತಿ, ಹಗುರ ಅಂದ್ರೂ ಹಗುರ ಆಡಲ್ಲ. ಹೇಗೆ ಹೇಳೋದು? ಹೇಳಿದ್ರೆ ಹೆದರಿದೆ ಅನ್ಕೊಳ್ತಾರೆ.

ಬೆನ್ನುಮೂಳೆ:
ಡಾಕ್ಟರ್ ಸರಿ ಅಂದ ಮೇಲೂ ಮೊದಲ ಶನಿವಾರಗಳಲ್ಲಿ ಆ ಕೊನೇ ರೌಂಡಿಗೆ ಪಕ್ಕಕ್ಕೆ ಕೂತ್ಕೊಳ್ಳಿ. ಹದಿನೈದು ಕೆ.ಜಿ. ವ್ಯತ್ಯಾಸ ಅಂದ್ರೆ ಕೆಲವು ಕಡೆ ಎರಡು ವಿಭಾಗ ದಾಟಿದ ಹಾಗೆ. ಲೈಟ್‌ವೇಟ್ ಮಿತಿ 70.3 ಕೆ.ಜಿ., ಮಿಡಲ್‌ವೇಟ್ 83.9.

ಲೈಟ್‌ವೇಟ್_ಲೋಕಿ:
ಬೆಲ್ ಹೊಡೆಯೋ ಮುಂಚೆ, ಗ್ಲೌಸ್ ತಾಗಿಸೋವಾಗ ಹೇಳು: 'ಅಣ್ಣಾ, ಇವತ್ತು ಮೂವತ್ತು ಪರ್ಸೆಂಟ್, ತಲೆಗೆ ಬರೀ ಮುಟ್ಟೋದು, ಹೊಟ್ಟೆಗೆ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ.' ಸಂಖ್ಯೆ ಹೇಳಿದ್ರೆ ತಂತ್ರದ ಮಾತಾಗುತ್ತೆ, ಹೆದರಿಕೆ ಮಾತಾಗಲ್ಲ. ನೀನೂ ಅಷ್ಟೇ ಹಗುರ ಆಡಬೇಕು. ನೀನು ಒಂದು ಗಟ್ಟಿ ಬಿಟ್ಟು ಅವರನ್ನ ಹಗುರ ಆಡಿ ಅಂದ್ರೆ ನಡೆಯಲ್ಲ. ಆಡ್ತಾ ಜೋರಾದ್ರೆ ನಿಲ್ಲಿಸಿ ಇನ್ನೊಂದು ಸಲ ಹೇಳು. ಮತ್ತೂ ಕೇಳದಿದ್ರೆ ಕೈ ಜೋಡಿಸಿ 'ಥ್ಯಾಂಕ್ಯೂ ಅಣ್ಣಾ' ಅಂತ ಪಕ್ಕಕ್ಕೆ ಬಾ. ಯಾವ ಜಿಮ್ಮಲ್ಲೂ ಸ್ಪಾರಿಂಗ್ ಬೇಡ ಅನ್ನೋ ಹಕ್ಕು ನಿನಗಿದೆ. ಅದಕ್ಕೂ ಕೋಚ್ ಮೈಂಡ್‌ಸೆಟ್ ಇಲ್ಲ ಅಂದ್ರೆ, ಉಳಿದ ಫೀಸ್ ವಾಪಸ್ ಕೊಡ್ತಾರಾ ಕೇಳು.

ಕುಂದಗೋಳ_ಕಾಕಾ:
ಅಂವ ಬ್ಯಾರೆ ಯಾರ ಜೋಡಿ ಆಡೂ ಮುಂದ ಹೆಂಗ ಆಡ್ತಾನ ನೋಡು ಮೊದ್ಲ. ಎಲ್ಲಾರ ಜೋಡಿನೂ ಹಂಗ ಇದ್ರ, ನಿನ್ನಂಗ ಇನ್ನೂ ನಾಕ ಮಂದಿ ಸುಮ್ಮ ಕುಂತಿರ್ತಾರ. ಅವರ ಕೂಡ ಮಾತಾಡು, ನೀವ ನೀವ ಜೋಡಿ ಕಟ್ಕೊಳ್ರಿ.

ಎರಡನೇಪಾಳಿ:
ಮೌತ್‌ಗಾರ್ಡ್ ಇದೆಯಾ? ಬಿಸಿನೀರಲ್ಲಿ ಹಾಕಿ ಹಲ್ಲಿಗೆ ಕೂರಿಸಿಕೊಂಡಿದೀರಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಇದೆ, ಆದರೆ ಹಾಗೇ ಹಾಕ್ಕೋತಿದ್ದೆ. ಮಾತಾಡೋಕೆ ಬಾಯಿ ತೆಗೆದರೆ ಬಿದ್ದುಹೋಗುತ್ತೆ.

ಎರಡನೇಪಾಳಿ:
ಕೂರಿಸದೇ ಹಾಕ್ಕೊಂಡ್ರೆ ಬಿಗಿಯಾಗಿ ಕೂರಲ್ಲ, ಉಸಿರಾಟಕ್ಕೂ ಅಡ್ಡ. ಕವರ್ ಮೇಲೆ ಎಷ್ಟು ಸೆಕೆಂಡ್ ಅಂತ ಬರೆದಿರುತ್ತೆ, ಅಷ್ಟೇ ಹೊತ್ತು ಬಿಸಿನೀರಲ್ಲಿಡಿ. ಒಂದು ಕ್ಷಣ ತಣ್ಣೀರಿಗೆ ಅದ್ದಿ ಬಾಯಿಗಿಡಿ, ಕಚ್ಚಿ ಹಿಡಿದು ಬೆರಳಿಂದ ತುಟಿ ಮೇಲೆ ಒತ್ತಿ, ನಾಲಿಗೆಯಿಂದ ಒಳಗಿಂದ ಒತ್ತಿ. ಬಾಯಿ ತೆಗೆದಾಗ ಬೀಳದಿದ್ರೆ ಸರಿ ಕೂತಿದೆ ಅಂತ. ಬಿದ್ರೆ ಇನ್ನೊಂದು ಸಲ ಮಾಡಬಹುದು, ಮತ್ತೆ ಮತ್ತೆ ಕಾಯಿಸಿದ್ರೆ ತೆಳ್ಳಗಾಗಿ ಹೋಗುತ್ತೆ, ಆಗ ಹೊಸದೇ ತಗೊಳ್ಳಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಕವರ್ ಎಸೆದುಬಿಟ್ಟಿದೀನಿ. ಹೊಸದು ತರ್ತೀನಿ.